ಕೆಮ್ಮಿಲ್ಲದ ಕ್ಷಯ: ವಯಸ್ಸಾದವರ ಕರುಳಿನ ಟಿಬಿಯನ್ನು ಗುರುತಿಸುವುದು ಏಕೆ ಕಷ್ಟ?

ದ್ವಿತೀಯ ಪಿಯುಸಿ ತರಗತಿಯಲ್ಲಿ ‘ಮಾನವನ ಆರೋಗ್ಯ ಮತ್ತು ರೋಗ’ ಪಾಠ ಮುಗಿದ ದಿನ, ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. “ಸರ್, ಕೆಮ್ಮೇ ಇಲ್ಲದವರಿಗೂ ಟಿಬಿ ಬರುತ್ತದಾ? ನಮ್ಮ ಅಜ್ಜಿಗೆ ಹೊಟ್ಟೆಯಲ್ಲಿ ಟಿಬಿ ಅಂತ ಹೇಳಿದ್ದಾರೆ. ಎಂಟು ತಿಂಗಳು ಯಾರಿಗೂ ಗೊತ್ತೇ ಆಗಲಿಲ್ಲ” ಎಂದಳು. ಅವಳ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಬೇಸರವೇ ಹೆಚ್ಚಿತ್ತು. ಎಂಟು ತಿಂಗಳು ಒಂದೇ ಮನೆಯಲ್ಲಿದ್ದೂ ನಮಗೆ ತಿಳಿಯಲಿಲ್ಲವಲ್ಲ ಎಂಬ ಬೇಸರ ಅದು.

ಈಗ ಅಜ್ಜಿ ಚೇತರಿಸಿಕೊಂಡಿದ್ದಾರೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಅವರ ಕಾಯಿಲೆಯ ಕಥೆಯನ್ನೇ ಈ ಲೇಖನಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಪಾಠದಲ್ಲಿ ಓದಿದ ಲಿಂಫಾಯ್ಡ್ ಅಂಗಗಳು, ಮ್ಯಾಕ್ರೋಫೇಜ್, ಟಿ-ಲಿಂಫೋಸೈಟ್, ಗಣಿತದ ಸಂಭವನೀಯತೆ ಎಲ್ಲವೂ ಇಲ್ಲಿ ಕೆಲಸಕ್ಕೆ ಬರುತ್ತವೆ.

ಶ್ವಾಸಕೋಶದ ಆಚೆಗೂ ಕ್ಷಯ

ಕ್ಷಯ ಎಂದರೆ ಕಡಿಮೆಯಾಗುವುದು, ಸವೆಯುವುದು. ರೋಗಿಯ ದೇಹ ದಿನದಿನಕ್ಕೆ ಕರಗುವುದನ್ನು ಕಂಡು ಹಿಂದಿನವರು ಈ ಹೆಸರಿಟ್ಟರು. ಇದಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಟ್ಯೂಬರ್ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಅದೇ ದಿನವನ್ನು ಇಂದು ವಿಶ್ವ ಕ್ಷಯರೋಗ ದಿನವಾಗಿ ಆಚರಿಸುತ್ತೇವೆ.

ಟಿಬಿ ಎಂದರೆ ಕೆಮ್ಮು, ಕಫದಲ್ಲಿ ರಕ್ತ ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿದೆ. ಹೆಚ್ಚಿನ ರೋಗಿಗಳಲ್ಲಿ ಅದು ಶ್ವಾಸಕೋಶಕ್ಕೇ ಬರುತ್ತದೆ ಎಂಬುದು ನಿಜ. ಆದರೆ ದುಗ್ಧಗ್ರಂಥಿ, ಮೂಳೆ, ಮೂತ್ರಪಿಂಡ, ಮೆದುಳಿನ ಪೊರೆ, ಹೊಟ್ಟೆ ಹೀಗೆ ಬೇರೆ ಕಡೆಗೂ ಬರಬಹುದು. ಹೊಟ್ಟೆಯೊಳಗಿನ ಟಿಬಿಯಲ್ಲೂ ವಿಧಗಳಿವೆ. ಕರುಳಿನ ಗೋಡೆಗೆ, ಹೊಟ್ಟೆಯ ಒಳಪೊರೆಗೆ, ಅಲ್ಲಿನ ದುಗ್ಧಗ್ರಂಥಿಗಳಿಗೆ ಅಥವಾ ಯಕೃತ್ತಿನಂಥ ಅಂಗಗಳಿಗೆ ಅದು ತಗಲಬಹುದು. ಈ ಲೇಖನ ಕರುಳಿನ ಗೋಡೆಯ ಟಿಬಿಯ ಬಗ್ಗೆ.

ರೋಗಾಣು ಕರುಳಿಗೆ ಹಲವು ದಾರಿಗಳಲ್ಲಿ ತಲುಪುತ್ತದೆ. ಶ್ವಾಸಕೋಶದ ಟಿಬಿ ಇರುವವರು ತಮ್ಮ ಕಫವನ್ನು ನುಂಗಿದಾಗ ಅದು ಕರುಳಿಗೆ ಇಳಿಯಬಹುದು. ಎಷ್ಟೋ ವರ್ಷಗಳ ಹಿಂದೆ ದೇಹ ಸೇರಿ ಸುಮ್ಮನಿದ್ದ ರೋಗಾಣು ರಕ್ತದ ಮೂಲಕ ಬಂದು ನೆಲೆಸಿರಬಹುದು. ಪಕ್ಕದ ಅಂಗದಿಂದ ಹರಡಬಹುದು. ದನಗಳಲ್ಲಿ ಟಿಬಿ ತರುವ ಮೈಕೋಬ್ಯಾಕ್ಟೀರಿಯಂ ಬೋವಿಸ್ ಕಾಯಿಸದ ಹಾಲಿನ ಮೂಲಕವೂ ಬರಬಹುದು. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯುವ ನಮ್ಮ ಮನೆಗಳ ರೂಢಿ ಈ ದಾರಿಯನ್ನು ಮುಚ್ಚುತ್ತದೆ.

ಕರುಳಿನ ಆ ಒಂದು ಮೂಲೆಯೇ ಏಕೆ?

ಇಪ್ಪತ್ತು ಅಡಿಯಷ್ಟು ಉದ್ದದ ಸಣ್ಣ ಕರುಳು, ಐದು ಅಡಿಯಷ್ಟು ದೊಡ್ಡ ಕರುಳು. ಇವುಗಳಲ್ಲಿ ಟಿಬಿ ಅತಿ ಹೆಚ್ಚಾಗಿ ಕಾಣಿಸುವುದು ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್, ದೊಡ್ಡ ಕರುಳಿನ ಆರಂಭವಾದ ಸೀಕಮ್ ಅನ್ನು ಸೇರುವ ಜಾಗದಲ್ಲಿ. ಹೊಟ್ಟೆಯ ಬಲಭಾಗದ ಕೆಳಮೂಲೆ ಅದು. ಅಪೆಂಡಿಕ್ಸ್ ಇರುವುದೂ ಅಲ್ಲೇ.

ಕಾರಣ ನಿಮ್ಮ ಪಾಠದಲ್ಲೇ ಇದೆ. ದ್ವಿತೀಯಕ ಲಿಂಫಾಯ್ಡ್ ಅಂಗಗಳ ಪಟ್ಟಿಯಲ್ಲಿ ಸಣ್ಣ ಕರುಳಿನ ಪೇಯರ್ ಪ್ಯಾಚ್‌ಗಳ ಹೆಸರು ಓದಿದ್ದೀರಿ. ಅವು ಇಲಿಯಮ್‌ನಲ್ಲಿ ಹೇರಳವಾಗಿವೆ. ಟಿಬಿ ರೋಗಾಣುವಿಗೆ ಇಂಥ ಅಂಗಾಂಶವೇ ಇಷ್ಟ. ಜೊತೆಗೆ ಆಹಾರ ಈ ಜಾಗದಲ್ಲಿ ನಿಧಾನವಾಗಿ ಸಾಗುತ್ತದೆ. ಜೀರ್ಣರಸಗಳ ಹಾವಳಿ ಇಲ್ಲಿ ಕಡಿಮೆ, ಹೀರಿಕೆ ಹೆಚ್ಚು. ರೋಗಾಣುವಿಗೆ ಗೋಡೆಯನ್ನು ಹಿಡಿದು ಒಳಸೇರಲು ಸಮಯ ಸಿಗುತ್ತದೆ.

ಒಳಸೇರಿದ ರೋಗಾಣುವನ್ನು ಮ್ಯಾಕ್ರೋಫೇಜ್‌ಗಳು ನುಂಗುತ್ತವೆ, ಆದರೆ ಸುಲಭವಾಗಿ ಕೊಲ್ಲಲಾರವು. ಟಿ-ಲಿಂಫೋಸೈಟ್‌ಗಳ ನೆರವಿನಿಂದ ಅದರ ಸುತ್ತ ಜೀವಕೋಶಗಳ ಕೋಟೆ ಕಟ್ಟುತ್ತವೆ. ಈ ಗಂಟಿಗೆ ಗ್ರ್ಯಾನ್ಯುಲೋಮಾ ಎಂದು ಹೆಸರು. ಟಿಬಿಯ ಗ್ರ್ಯಾನ್ಯುಲೋಮಾದ ನಡುಭಾಗ ಸತ್ತು ಗಿಣ್ಣಿನಂತೆ ಪುಡಿಪುಡಿಯಾಗುವುದುಂಟು. ಕರುಳಿನ ಒಳಗೋಡೆಯಲ್ಲಿ ಹುಣ್ಣುಗಳಾಗುತ್ತವೆ. ಗೋಡೆ ದಪ್ಪವಾಗುತ್ತದೆ. ಹುಣ್ಣು ಮಾಯುವಾಗ ಕಲೆಗಟ್ಟಿ ಕರುಳಿನ ದಾರಿ ಇಕ್ಕಟ್ಟಾಗುತ್ತದೆ. ಆಗ ಊಟವಾದ ಮೇಲೆ ಹೊಟ್ಟೆ ಉಬ್ಬುವುದು, ಹಿಂಡಿದಂಥ ನೋವು, ಗುಡುಗುಡು ಸದ್ದು, ವಾಂತಿ ಶುರುವಾಗುತ್ತವೆ.

ಅಜ್ಜಿಯ ಎಂಟು ತಿಂಗಳು

ಅಜ್ಜಿಗೆ 68 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಂಡಿ ನೋವಿಗೆ ಆಗಾಗ ಮಾತ್ರೆ. ರಮ್ಝಾನ್ ಮುಗಿಯುವಾಗ ಅವರು ತೆಳ್ಳಗಾಗಿದ್ದರು. ಉಪವಾಸದಿಂದ ಇಳಿದಿರಬೇಕು, ಹಬ್ಬ ಕಳೆದ ಮೇಲೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಸರಿಹೋಗಲಿಲ್ಲ. ಹಸಿವು ಕಡಿಮೆಯಾಯಿತು. ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ. ಗ್ಯಾಸ್ಟ್ರಿಕ್ ಎಂದು ಮಾತ್ರೆ ತಂದುಕೊಟ್ಟರು. ಒಮ್ಮೆ ಆಂಟಿಬಯೋಟಿಕ್ ಕೊಟ್ಟಾಗ ಕೆಲವು ದಿನ ಸುಧಾರಿಸಿದಂತೆ ಕಂಡಿತು, ಮತ್ತೆ ಮೊದಲಿನಂತಾಯಿತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಎದೆಯ ಎಕ್ಸ್‌ರೇ ತೆಗೆಸಿದರು. ಅದು ಚೆನ್ನಾಗಿತ್ತು. “ಹಾಗಾದರೆ ಟಿಬಿ ಅಲ್ಲ” ಎಂದು ಮನೆಯವರು ನಿರಾಳರಾದರು.

ಏಳನೆಯ ತಿಂಗಳಲ್ಲಿ ಒಂದು ರಾತ್ರಿ ಹೊಟ್ಟೆ ಬಿಗಿದು ವಾಂತಿಯಾಯಿತು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಇಲಿಯಮ್ ಮತ್ತು ಸೀಕಮ್ ಕೂಡುವಲ್ಲಿ ಗೋಡೆ ದಪ್ಪವಾಗಿ ಗೆಡ್ಡೆಯಂತೆ ಕಂಡಿತು. ಆ ವಯಸ್ಸಿನಲ್ಲಿ ಅಂಥ ಚಿತ್ರ ಕಂಡರೆ ಮೊದಲು ಬರುವ ಅನುಮಾನ ಕ್ಯಾನ್ಸರ್. ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು ಕಳುಹಿಸಿದರು. ವರದಿಯಲ್ಲಿ ಕ್ಯಾನ್ಸರ್ ಕೋಶಗಳಿರಲಿಲ್ಲ. ಟಿಬಿ ಎನ್ನಲೂ ಏನೂ ಇರಲಿಲ್ಲ. ಬಹಳ ದಿನದ ಉರಿಯೂತ ಎಂದಷ್ಟೇ ಇತ್ತು. ವೈದ್ಯರು ಅಲ್ಲಿಗೆ ಬಿಡದೆ ಎರಡನೆಯ ಬಾರಿ ಹುಣ್ಣಿನ ಅಂಚಿನಿಂದ, ತಳದಿಂದ ಹೆಚ್ಚು ಚೂರುಗಳನ್ನು ತೆಗೆದರು. ಆಗ ನಡುವೆ ಗಿಣ್ಣಿನಂತಾದ ಗ್ರ್ಯಾನ್ಯುಲೋಮಾ ಸಿಕ್ಕಿತು.

ಈ ಕಥೆಯಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಹಂತದಲ್ಲೂ ನಂಬಬಹುದಾದ ಒಂದು ಕಾರಣ ಸಿಗುತ್ತಲೇ ಇತ್ತು. ತೊಂದರೆಯಾದದ್ದು ಅಲ್ಲೇ.

ವಯಸ್ಸು ಲಕ್ಷಣಗಳನ್ನು ಹೇಗೆ ಮರೆಮಾಡುತ್ತದೆ?

ಮೊದಲನೆಯದು, ರೋಗನಿರೋಧಕ ಶಕ್ತಿಯ ಇಳಿಮುಖ. ಟಿ-ಲಿಂಫೋಸೈಟ್‌ಗಳು ಪಕ್ವವಾಗುವ ಥೈಮಸ್ ಗ್ರಂಥಿ ವಯಸ್ಸಿನೊಂದಿಗೆ ಕುಗ್ಗುತ್ತದೆ ಎಂದು ಓದಿದ್ದೀರಿ. ಯೌವನದಲ್ಲಿ ಕಟ್ಟಿದ ಕೋಟೆ ಮುಪ್ಪಿನಲ್ಲಿ ಸಡಿಲವಾಗುತ್ತದೆ. ದಶಕಗಳಿಂದ ಒಳಗೆ ಮಲಗಿದ್ದ ರೋಗಾಣು ಎಚ್ಚರಗೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಟಿಬಿಯ ಅಪಾಯ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು. ಬಹಳ ದಿನ ಸ್ಟೀರಾಯ್ಡ್ ಸೇವನೆ, ಮೂತ್ರಪಿಂಡದ ವೈಫಲ್ಯ, ಅಪೌಷ್ಟಿಕತೆ ಕೂಡ ಅಪಾಯವನ್ನು ಹೆಚ್ಚಿಸುತ್ತವೆ.

ಎರಡನೆಯದು, ಜ್ವರದಂಥ ಸೂಚನೆಗಳೇ ಮಂಕಾಗುವುದು. ಜ್ವರ ಎಂದರೆ ದೇಹದ ಹೋರಾಟದ ಬಿಸಿ. ಹೋರಾಟ ದುರ್ಬಲವಾದರೆ ಬಿಸಿಯೂ ಕಡಿಮೆ. ಹಾಗಾಗಿ ವಯಸ್ಸಾದ ರೋಗಿಗೆ ಸಂಜೆ ಜ್ವರ, ರಾತ್ರಿ ಬೆವರು ಕಾಣದೇ ಇರಬಹುದು. ಸುಸ್ತು, ಊಟ ಬೇಡವೆನಿಸುವುದು, ತೂಕ ಇಳಿಯುವುದು ಇಷ್ಟೇ ಕಾಣಬಹುದು. ಇವನ್ನು “ವಯಸ್ಸಾಯಿತಲ್ಲ” ಎಂದು ತಳ್ಳಿಹಾಕುವುದು ಬಹಳ ಸುಲಭ.

ಮೂರನೆಯದು, ಮೊದಲೇ ಇರುವ ಕಾಯಿಲೆಗಳು ಮತ್ತು ಔಷಧಗಳು. ತೂಕ ಇಳಿದರೆ ಸಕ್ಕರೆ ಕಾಯಿಲೆ, ಮಲಬದ್ಧತೆಗೆ ಕಬ್ಬಿಣದ ಮಾತ್ರೆ, ಭೇದಿಗೆ ಸಕ್ಕರೆಯ ಮಾತ್ರೆ, ರಕ್ತಹೀನತೆಗೆ ಊಟ ಸಾಲದಿರುವುದು ಕಾರಣ ಎನ್ನಬಹುದು. ಮಂಡಿ ನೋವಿನ ಮಾತ್ರೆಗಳು ತಾವೇ ಕರುಳಿನಲ್ಲಿ ಹುಣ್ಣು ಮಾಡಬಲ್ಲವು. ಕೆಲವು ಆಂಟಿಬಯೋಟಿಕ್‌ಗಳಿಗೆ, ಮುಖ್ಯವಾಗಿ ಲೆವೊಫ್ಲಾಕ್ಸಾಸಿನ್ ಗುಂಪಿಗೆ, ಟಿಬಿ ರೋಗಾಣುವಿನ ಮೇಲೂ ಸ್ವಲ್ಪ ಪರಿಣಾಮವಿದೆ. ಅದರಿಂದ ತಾತ್ಕಾಲಿಕ ಆರಾಮ ಸಿಕ್ಕಿ ನಿಜವಾದ ರೋಗದ ಪತ್ತೆ ಇನ್ನಷ್ಟು ತಡವಾಗಬಹುದು.

ಒಂದೇ ಮುಖದ ಮೂರು ಕಾಯಿಲೆಗಳು

ಕರುಳಿನ ಆ ಮೂಲೆಯಲ್ಲಿ ಗೋಡೆ ದಪ್ಪವಾಗಿ ಹುಣ್ಣುಗಳು ಕಂಡಾಗ ವೈದ್ಯರ ಮುಂದೆ ಮುಖ್ಯವಾಗಿ ಮೂರು ಹೆಸರುಗಳಿರುತ್ತವೆ.

1. ಕ್ಯಾನ್ಸರ್: ವಯಸ್ಸಾದವರಲ್ಲಿ ಸೀಕಮ್‌ನ ಕ್ಯಾನ್ಸರ್ ಕೂಡ ರಕ್ತಹೀನತೆ, ತೂಕ ಇಳಿಕೆ, ಬಲಭಾಗದ ಗೆಡ್ಡೆಯಾಗಿಯೇ ಕಾಣುತ್ತದೆ. ಲಿಂಫೋಮಾ ಎಂಬ ಮತ್ತೊಂದು ಬಗೆಯ ಕ್ಯಾನ್ಸರ್ ಕೂಡ ಇಲ್ಲಿ ಬರಬಹುದು.

2. ಕ್ರೋನ್ ಕಾಯಿಲೆ: 1932ರಲ್ಲಿ ಬರಿಲ್ ಕ್ರೋನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ವಿವರಿಸಿದ ದೀರ್ಘಕಾಲದ ಕರುಳಿನ ಉರಿಯೂತ. ಇದು ಸೋಂಕಲ್ಲ. ಸ್ವಂತ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ಕರುಳಿನ ಮೇಲೆ ತಿರುಗಿಬೀಳುತ್ತದೆ. ಇದರಲ್ಲೂ ಗ್ರ್ಯಾನ್ಯುಲೋಮಾ ಸಿಗುತ್ತದೆ, ಆದರೆ ನಡುಭಾಗ ಗಿಣ್ಣಿನಂತೆ ಆಗುವುದಿಲ್ಲ.

3. ಕರುಳಿನ ಟಿಬಿ.

ಟಿಬಿಯ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡಲಾಗಿ, ಒಡ್ಯಾಣದಂತೆ ಸುತ್ತಿಕೊಂಡಿರುತ್ತದೆ. ಕ್ರೋನ್ ಕಾಯಿಲೆಯ ಹುಣ್ಣು ಹೆಚ್ಚಾಗಿ ಉದ್ದಕ್ಕೆ ಸಾಗುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ನಡುಭಾಗ ಸತ್ತ ದುಗ್ಧಗ್ರಂಥಿಗಳು ಕಂಡರೆ ಟಿಬಿಯ ಕಡೆಗೆ ತೂಕ ಹೆಚ್ಚು. ಆದರೆ ಇವು ಯಾವುವೂ ತಪ್ಪದ ನಿಯಮಗಳಲ್ಲ.

ತಪ್ಪಿದರೆ ಏನಾಗುತ್ತದೆ? ಟಿಬಿಯನ್ನು ಕ್ರೋನ್ ಎಂದುಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ, ಕೋಟೆಯ ಬಾಗಿಲನ್ನು ನಾವೇ ತೆರೆದಂತಾಗಿ ಟಿಬಿ ದೇಹವಿಡೀ ಹರಡಬಹುದು. ಕ್ಯಾನ್ಸರನ್ನು ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರೆ ಶಸ್ತ್ರಚಿಕಿತ್ಸೆಯ ಸಮಯ ಮೀರಬಹುದು. ಟಿಬಿಯನ್ನು ಕ್ಯಾನ್ಸರ್ ಎಂದುಕೊಂಡರೆ ಮಾತ್ರೆಯಿಂದ ವಾಸಿಯಾಗಬೇಕಾದವರು ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗಬಹುದು. ದುರ್ಬಲ ದೇಹದ ಹಿರಿಯರಿಗೆ ಈ ಮೂರೂ ತಪ್ಪುಗಳು ದುಬಾರಿ.

ಪರೀಕ್ಷೆಗಳು ಹೇಳುವುದು, ಹೇಳದಿರುವುದು

ಎದೆಯ ಎಕ್ಸ್‌ರೇ: ಕರುಳಿನ ಟಿಬಿ ಇರುವ ಅನೇಕರಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ. ಎಕ್ಸ್‌ರೇಯಲ್ಲಿ ಟಿಬಿ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಕಾಣದಿದ್ದರೆ ಕರುಳಿನಲ್ಲಿ ಇಲ್ಲ ಎನ್ನಲಾಗದು. ಅಜ್ಜಿಯ ಮನೆಯವರು ಎಡವಿದ್ದು ಇಲ್ಲಿ.

ಮಾಂಟೂ ಪರೀಕ್ಷೆ: ಚರ್ಮದೊಳಗೆ ಟ್ಯೂಬರ್ಕ್ಯುಲಿನ್ ಚುಚ್ಚಿ 48ರಿಂದ 72 ಗಂಟೆಗಳ ನಂತರ ಊತವನ್ನು ಅಳೆಯುತ್ತಾರೆ. ನಮ್ಮ ದೇಶದಲ್ಲಿ ಸುಪ್ತ ಸೋಂಕು ಇರುವವರು ಬಹಳ. ಹಾಗಾಗಿ ಪಾಸಿಟಿವ್ ಬಂದರೂ ಈಗಿನ ಕಾಯಿಲೆ ಟಿಬಿಯೇ ಎನ್ನಲಾಗದು. ವಯಸ್ಸಾದವರಲ್ಲಿ ಟಿ-ಕೋಶಗಳು ದುರ್ಬಲವಾದ್ದರಿಂದ ರೋಗವಿದ್ದೂ ನೆಗೆಟಿವ್ ಬರಬಹುದು.

ಸೂಕ್ಷ್ಮದರ್ಶಕ: ಝೀಲ್-ನೀಲ್ಸನ್ ಬಣ್ಣ ಹಾಕಿದಾಗ ಟಿಬಿ ರೋಗಾಣು ಕೆಂಪಾಗಿ ಕಾಣುತ್ತದೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ರಿಂದ 10,000 ರೋಗಾಣುಗಳಿದ್ದರಷ್ಟೇ ಅವು ಕಣ್ಣಿಗೆ ಸಿಗುತ್ತವೆ. ಕರುಳಿನ ಹುಣ್ಣಿನಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ.

ಕಲ್ಚರ್: ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸುವುದು ಬಲವಾದ ಸಾಕ್ಷ್ಯ. ಆದರೆ ಅನೇಕ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ ಇದಕ್ಕೆ 15ರಿಂದ 20 ಗಂಟೆ ಬೇಕು. ಘನ ಮಾಧ್ಯಮದಲ್ಲಿ ಫಲಿತಾಂಶಕ್ಕೆ ಆರರಿಂದ ಎಂಟು ವಾರವೂ ಆಗಬಹುದು.

ಜೀನ್‌ಎಕ್ಸ್‌ಪರ್ಟ್: ರೋಗಾಣುವಿನ ಡಿಎನ್‌ಎಯನ್ನು ಪಿಸಿಆರ್ ವಿಧಾನದಿಂದ ಹುಡುಕುವ ಈ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿತು. ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಬರುತ್ತದೆ, ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಕಫದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕರುಳಿನ ಚೂರಿನಲ್ಲಿ ಡಿಎನ್‌ಎಯೇ ಕಡಿಮೆ ಇರುವುದರಿಂದ ಅನೇಕ ಬಾರಿ ತಪ್ಪಿಸಿಕೊಳ್ಳುತ್ತದೆ.

ಬಯಾಪ್ಸಿ: ಗಿಣ್ಣಿನಂಥ ಗ್ರ್ಯಾನ್ಯುಲೋಮಾ ಸಿಕ್ಕರೆ ದೊಡ್ಡ ಸುಳಿವು. ಆದರೆ ಗ್ರ್ಯಾನ್ಯುಲೋಮಾ ಗೋಡೆಯ ಆಳದಲ್ಲಿರುತ್ತದೆ, ಕೊಲೊನೋಸ್ಕೋಪಿಯ ಇಕ್ಕಳ ಮೇಲ್ಪದರವನ್ನಷ್ಟೇ ಚಿವುಟುತ್ತದೆ. ಅದಕ್ಕೇ ಹಲವು ಜಾಗಗಳಿಂದ ಹಲವು ಚೂರುಗಳನ್ನು ತೆಗೆಯಬೇಕಾಗುತ್ತದೆ. ಚೂರುಗಳನ್ನೆಲ್ಲ ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರೆ ರೋಗಾಣು ಸತ್ತು ಕಲ್ಚರ್ ಮಾಡಲಾಗುವುದಿಲ್ಲ. ಕೆಲವನ್ನು ಸಲೈನ್‌ನಲ್ಲಿ ಬೇರೆಯಾಗಿ ಕಳುಹಿಸಬೇಕು.

ಗಣಿತದ ಮೇಷ್ಟ್ರಿಗೆ ಒಪ್ಪುವ ಒಂದು ಲೆಕ್ಕ

‘ನೆಗೆಟಿವ್ ಬಂತು, ಆದ್ದರಿಂದ ರೋಗವಿಲ್ಲ’ ಎಂಬ ಮಾತು ಏಕೆ ತಪ್ಪು ಎಂದು ಲೆಕ್ಕ ಹಾಕಿ ನೋಡೋಣ. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ಹಿಡಿದವು.

ಅನುಮಾನಾಸ್ಪದ ರೋಗಿಗಳು 100 ಮಂದಿ. ಅವರಲ್ಲಿ 50 ಮಂದಿಗೆ ನಿಜವಾಗಿ ಕರುಳಿನ ಟಿಬಿ ಇದೆ, 50 ಮಂದಿಗೆ ಬೇರೆ ಕಾಯಿಲೆ. ಒಂದು ಪರೀಕ್ಷೆ ಟಿಬಿ ಇರುವ 100ರಲ್ಲಿ 30 ಮಂದಿಯನ್ನಷ್ಟೇ ಹಿಡಿಯುತ್ತದೆ. ಟಿಬಿ ಇಲ್ಲದ 100ರಲ್ಲಿ 2 ಮಂದಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ.

ಟಿಬಿ ಇರುವ 50 ಮಂದಿಯಲ್ಲಿ ಪಾಸಿಟಿವ್ 15, ನೆಗೆಟಿವ್ 35.
ಟಿಬಿ ಇಲ್ಲದ 50 ಮಂದಿಯಲ್ಲಿ ಪಾಸಿಟಿವ್ 1, ನೆಗೆಟಿವ್ 49.

ಒಟ್ಟು ಪಾಸಿಟಿವ್ 16. ಅವರಲ್ಲಿ ನಿಜವಾದ ಟಿಬಿ 15, ಅಂದರೆ ಸುಮಾರು ಶೇ. 94. ಪಾಸಿಟಿವ್ ಬಂದರೆ ಬಹುಮಟ್ಟಿಗೆ ನಂಬಬಹುದು. ಒಟ್ಟು ನೆಗೆಟಿವ್ 84. ಅವರಲ್ಲಿ ಟಿಬಿ ಇರುವವರು 35, ಅಂದರೆ ಸುಮಾರು ಶೇ. 42. ಪರೀಕ್ಷೆಗೆ ಮುಂಚೆ ಶೇ. 50 ಇದ್ದ ಅನುಮಾನ ಶೇ. 42ಕ್ಕೆ ಇಳಿಯಿತು, ಅಷ್ಟೇ. ಗಣಿತದಲ್ಲಿ ಓದುವ ಬೇಯ್ಸ್ ಪ್ರಮೇಯ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಹೀಗೆ. ಇಂಥ ಪರೀಕ್ಷೆಯ ‘ಇದೆ’ ಎಂಬ ಉತ್ತರಕ್ಕೆ ಬೆಲೆ ಹೆಚ್ಚು, ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆ ಕಡಿಮೆ. ಹಾಗಾಗಿ ವೈದ್ಯರು ರೋಗಿಯ ಕಥೆ, ಸ್ಕ್ಯಾನ್, ಹುಣ್ಣಿನ ಆಕಾರ, ಚೂರಿನ ವರದಿ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗುತ್ತಾರೆ.

ಚಿಕಿತ್ಸೆಯೂ ಒಂದು ಪರೀಕ್ಷೆ

ಎಲ್ಲ ಪ್ರಯತ್ನದ ನಂತರವೂ ಖಚಿತವಾಗದೆ, ಟಿಬಿಯ ಅನುಮಾನವೇ ಬಲವಾಗಿದ್ದರೆ ವೈದ್ಯರು ಟಿಬಿ ಔಷಧ ಆರಂಭಿಸಿ ಪರಿಣಾಮವನ್ನು ನೋಡುವುದುಂಟು. ಟಿಬಿಯಾಗಿದ್ದರೆ ಎರಡು ಮೂರು ತಿಂಗಳಲ್ಲಿ ತೂಕ ಏರುತ್ತದೆ, ಮತ್ತೆ ಕೊಲೊನೋಸ್ಕೋಪಿ ಮಾಡಿದಾಗ ಹುಣ್ಣುಗಳು ಮಾಯ್ದಿರುತ್ತವೆ. ಮಾಯದಿದ್ದರೆ ಔಷಧಕ್ಕೆ ಬಗ್ಗದ ಟಿಬಿಯೋ, ಕ್ರೋನ್ ಕಾಯಿಲೆಯೋ, ಕ್ಯಾನ್ಸರೋ ಎಂದು ಮರಳಿ ಯೋಚಿಸಬೇಕು. ಸ್ವಲ್ಪ ಆರಾಮ ಕಂಡಿತೆಂದು ಎರಡನೆಯ ಸಲದ ತಪಾಸಣೆಯನ್ನು ಬಿಡುವುದು ಅಪಾಯ. ಈಗಾಗಲೇ ಕಲೆಗಟ್ಟಿ ಇಕ್ಕಟ್ಟಾದ ಕರುಳು ಮಾತ್ರೆಯಿಂದ ಸರಿಹೋಗದಿದ್ದರೆ ಅದನ್ನು ಹಿಗ್ಗಿಸಬೇಕಾಗಬಹುದು ಅಥವಾ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಸಾಮಾನ್ಯ ಚಿಕಿತ್ಸೆ ಆರು ತಿಂಗಳದ್ದು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳು. ನಂತರ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ವಯಸ್ಸಾದವರಿಗೆ ಇಲ್ಲೂ ಎಚ್ಚರ ಬೇಕು. ಯಕೃತ್ತಿಗೆ ಪೆಟ್ಟು ಬೀಳುವ ಸಾಧ್ಯತೆ ಅವರಲ್ಲಿ ಹೆಚ್ಚು. ಎಥಾಂಬ್ಯುಟಾಲ್‌ನಿಂದ ದೃಷ್ಟಿ ಮಂಕಾಗಬಹುದು. ರಿಫಾಂಪಿಸಿನ್ ಕೆಲವು ಸಕ್ಕರೆ ಮಾತ್ರೆಗಳ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ಅನುಮಾನದ ಮೇಲೆ ಔಷಧ ಆರಂಭಿಸುವುದು ಹಿರಿಯರಲ್ಲಿ ಸಣ್ಣ ನಿರ್ಧಾರವಲ್ಲ. ಅಜ್ಜಿಯ ವೈದ್ಯರು ಎರಡನೆಯ ಬಾರಿ ಬಯಾಪ್ಸಿಗೆ ಹಟ ಹಿಡಿದದ್ದು ಏಕೆಂದು ಈಗ ಅರ್ಥವಾಗುತ್ತದೆ.

ಮನೆಯಲ್ಲಿ ನಮ್ಮ ಪಾಲು

ರೋಗವನ್ನು ಪತ್ತೆ ಮಾಡುವುದು ವೈದ್ಯರ ಕೆಲಸ. ಆದರೆ ಅವರಿಗೆ ಕಥೆಯನ್ನು ಪೂರ್ತಿಯಾಗಿ ಹೇಳುವುದು ಮನೆಯವರ ಕೆಲಸ. ಹಿರಿಯರು ತಮ್ಮ ಹೊಟ್ಟೆಯ ತೊಂದರೆಯನ್ನು ಮಕ್ಕಳ ಮುಂದೆ ಹೇಳಲು ಸಂಕೋಚಪಡುತ್ತಾರೆ. ನೀವು ಮಾಡಬಹುದಾದದ್ದು ಇಷ್ಟು:

• ಮನೆಯ ಹಿರಿಯರ ತೂಕವನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡಿ. ಬಟ್ಟೆ ಸಡಿಲವಾದದ್ದು, ಬಳೆ ಜಾರುವುದು ಕೂಡ ಲೆಕ್ಕಕ್ಕೆ ಬರುತ್ತದೆ.
• ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ಬದಲಾಗುವುದು, ಊಟದ ನಂತರ ನೋವು, ರಕ್ತಹೀನತೆ ವಾರಗಟ್ಟಲೆ ಉಳಿದರೆ ‘ವಯಸ್ಸು’ ಎನ್ನದೆ ವೈದ್ಯರ ಬಳಿ ಕರೆದೊಯ್ಯಿರಿ.
• ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು, ಮಂಡಿ ನೋವಿನದ್ದು, ನಾಟಿ ಔಷಧ ಸೇರಿದಂತೆ, ಜೊತೆಗೆ ಒಯ್ಯಿರಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಟಿಬಿ ಇದ್ದರೆ ಹೇಳಿ.
• ಅಂಗಡಿಯಿಂದ ಕೇಳಿ ತಂದ ಆಂಟಿಬಯೋಟಿಕ್, ಸ್ಟೀರಾಯ್ಡ್ ಕೊಡಬೇಡಿ.
• ಔಷಧ ಆರಂಭವಾದ ಮೇಲೆ ಕಣ್ಣು ಹಳದಿಯಾದರೆ, ವಾಂತಿಯಾದರೆ, ದೃಷ್ಟಿ ಮಂಕಾದರೆ ಕೂಡಲೇ ತಿಳಿಸಿ. ಮೂತ್ರ ಕಿತ್ತಳೆ ಬಣ್ಣವಾಗುವುದು ರಿಫಾಂಪಿಸಿನ್‌ನಿಂದ; ಅದಕ್ಕೆ ಹೆದರಬೇಕಿಲ್ಲ.

ಟಿಬಿ ಔಷಧ ಸರ್ಕಾರದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ರೋಗಿಗೆ ಸಿಗುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಲಾಗಿದೆ.

ಕೊನೆಯದಾಗಿ, ಆ ವಿದ್ಯಾರ್ಥಿನಿ ಹೋಗುವ ಮುನ್ನ ತಗ್ಗಿದ ದನಿಯಲ್ಲಿ ಕೇಳಿದ ಪ್ರಶ್ನೆ: “ಸರ್, ಅಜ್ಜಿಯ ತಟ್ಟೆ, ಲೋಟ ಬೇರೆ ಇಡಬೇಕಾ?” ಬೇಡ. ಟಿಬಿ ಹರಡುವುದು ಶ್ವಾಸಕೋಶದ ರೋಗಿ ಕೆಮ್ಮಿದಾಗ, ಗಾಳಿಯ ಮೂಲಕ. ಶ್ವಾಸಕೋಶದಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಕರುಳಿನ ಟಿಬಿ ಇರುವವರ ಪಕ್ಕದಲ್ಲಿ ಕುಳಿತು ಉಣ್ಣಲು ಯಾವ ಅಡ್ಡಿಯೂ ಇಲ್ಲ. ಊಟ ಸೇರದ ಅಜ್ಜಿಗೆ ಜೊತೆಗೆ ಕುಳಿತು ಉಣ್ಣುವ ಮೊಮ್ಮಗಳು ಬೇಕು ಎಂದು ಹೇಳಿ ಕಳುಹಿಸಿದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಕರುಳಿನ ಟಿಬಿ ಇಲಿಯಮ್ ಮತ್ತು ಸೀಕಮ್ ಕೂಡುವ ಜಾಗದಲ್ಲೇ ಹೆಚ್ಚು ಏಕೆ? ಮೂರು ಕಾರಣ ಕೊಡಿ.
2. ವಯಸ್ಸಾದವರಲ್ಲಿ ಮಾಂಟೂ ಪರೀಕ್ಷೆ ರೋಗವಿದ್ದೂ ನೆಗೆಟಿವ್ ಬರಬಹುದು. ಟಿ-ಲಿಂಫೋಸೈಟ್‌ಗಳ ಕೆಲಸವನ್ನು ಆಧರಿಸಿ ವಿವರಿಸಿ.
3. ಕರುಳಿನ ಟಿಬಿ ಮತ್ತು ಕ್ರೋನ್ ಕಾಯಿಲೆಯ ಗ್ರ್ಯಾನ್ಯುಲೋಮಾ ಹಾಗೂ ಹುಣ್ಣುಗಳಲ್ಲಿನ ವ್ಯತ್ಯಾಸ ಬರೆಯಿರಿ.
4. ಮೇಲಿನ ಲೆಕ್ಕದಲ್ಲಿ 100 ಮಂದಿಯಲ್ಲಿ 20 ಮಂದಿಗೆ ಮಾತ್ರ ಟಿಬಿ ಇದೆ ಎಂದು ಹಿಡಿಯಿರಿ. ಪಾಸಿಟಿವ್ ಬಂದವರಲ್ಲಿ ನಿಜವಾಗಿ ಟಿಬಿ ಇರುವವರ ಪ್ರಮಾಣ ಎಷ್ಟಾಗುತ್ತದೆ? ಏಕೆ ಕಡಿಮೆಯಾಯಿತು?